ಡಿಸೆಂಬರ್ 14ರ ಜೆಮಿನಿಡ್ಸ್ ಉಲ್ಕಾಮಳೆ: ಎಲ್ಲಿಂದ ನೋಡೋಣ, ಹೇಗೆ ಫೋಟೋ ತೆಗೆಯೋಣ?

ಬಯಲುಸೀಮೆ ಚುಕ್ಕಿ (ನವೆಂಬರ್ 21, 2026)

ಎಲ್ಲರಿಗೂ ನಮಸ್ಕಾರ. ಈ ಸಲದ ಜೆಮಿನಿಡ್ಸ್‌ಗೆ ಈಗಿನಿಂದಲೇ ತಯಾರಿ ಮಾಡಿಕೊಳ್ಳೋಣ. 2024ರಲ್ಲಿ ಹುಣ್ಣಿಮೆ ಹತ್ತಿರ ಬಂದು ಆಕಾಶವೆಲ್ಲ ಬೆಳ್ಳಗಾಗಿತ್ತು. ಈ ವರ್ಷ ಡಿಸೆಂಬರ್ 9ಕ್ಕೆ ಅಮಾವಾಸ್ಯೆ. 14ರ ಸೋಮವಾರ ರಾತ್ರಿ ಹತ್ತೂವರೆ ಆಸುಪಾಸಿಗೆ ಚಂದ್ರ ಮುಳುಗುತ್ತಾನೆ. ಅಲ್ಲಿಂದ ಬೆಳಗಿನ ಜಾವದವರೆಗೂ ಕತ್ತಲೆ. ಲೆಕ್ಕದ ಪ್ರಕಾರ ಉಲ್ಕೆಗಳು ಅತಿ ಜಾಸ್ತಿ ಆಗುವ ಹೊತ್ತು ನಮ್ಮ ಗಡಿಯಾರದಲ್ಲಿ ಅದೇ ಸೋಮವಾರ ಸಂಜೆ ಏಳೂವರೆ. ಹಾಗಾಗಿ ಸೋಮವಾರ ರಾತ್ರಿ ಬಿಡಬೇಡಿ. ಭಾನುವಾರ ರಾತ್ರಿಯೂ ಚೆನ್ನಾಗಿಯೇ ಇರುತ್ತದೆ. ಮಂಗಳವಾರ ರಜೆ ಹಾಕಲು ಸಾಧ್ಯ ಇರುವವರು ಈಗಲೇ ಅರ್ಜಿ ಕೊಟ್ಟುಬಿಡಿ.

ಒಂದು ವಿಷಯ ಒತ್ತಿ ಹೇಳುತ್ತೇನೆ. ಜೆಮಿನಿಡ್ಸ್ ನಮ್ಮ ನಾಡಿಗೆ ಹೇಳಿ ಮಾಡಿಸಿದ ಉಲ್ಕಾಮಳೆ. ಪ್ರತಿ ಆಗಸ್ಟ್‌ನಲ್ಲಿ ಪರ್ಸೀಡ್ಸ್ ಬಗ್ಗೆ ವಾಟ್ಸಾಪ್ ತುಂಬಾ ಮೆಸೇಜ್ ಓಡಾಡುತ್ತವೆ. ಆಗ ನಮ್ಮಲ್ಲಿ ಮಳೆಗಾಲ. ಜನ ತಾರಸಿ ಹತ್ತಿ ಮೋಡ ನೋಡಿ ಇಳಿಯುತ್ತಾರೆ, ಉಲ್ಕೆ ನೋಡುವ ಆಸೆಯನ್ನೇ ಬಿಡುತ್ತಾರೆ. ಮೋಡ ಸರಿದರೂ ದೊಡ್ಡ ಲಾಭವಿಲ್ಲ. ಪರ್ಸೀಡ್ಸ್ ಉಲ್ಕೆಗಳು ಹೊರಟಂತೆ ಕಾಣುವ ಬಿಂದು ಬೆಂಗಳೂರಿನಲ್ಲಿ 45 ಡಿಗ್ರಿಗಿಂತ ಮೇಲೆ ಏರುವುದೇ ಇಲ್ಲ. ಅಷ್ಟು ಏರುವುದೂ ಬೆಳಕು ಹರಿಯುವ ಹೊತ್ತಿಗೆ. ಜೆಮಿನಿಡ್ಸ್ ಬಿಂದು ರಾತ್ರಿ ಎರಡು ಗಂಟೆಗೆ ಬೆಂಗಳೂರಿನಲ್ಲಿ 70 ಡಿಗ್ರಿ ಎತ್ತರದಲ್ಲಿರುತ್ತದೆ, ಬೀದರ್‌ನಲ್ಲಿ 75. ಹೆಚ್ಚು ಕಡಿಮೆ ನೆತ್ತಿಯ ಮೇಲೆಯೇ. ಬಿಂದು ಮೇಲೇರಿದಷ್ಟೂ ಕಾಣುವ ಉಲ್ಕೆ ಜಾಸ್ತಿ. ಸಂಜೆ ಎಂಟಕ್ಕೇ ಶುರು ಮಾಡಬಹುದು, ಮಕ್ಕಳೂ ನೋಡಬಹುದು.

ಎಲ್ಲಿಗೆ ಹೋಗುತ್ತೀರಿ, ಏನು ತರುತ್ತೀರಿ, ಹೇಳಿ.

ಕಾಫಿತೋಟ

ಸರ್, ನಮ್ಮ ಚಿಕ್ಕಮಗಳೂರು ಕಡೆ ಬನ್ನಿ. ಎತ್ತರದ ಜಾಗ, ತಣ್ಣನೆ ಗಾಳಿ. ಹೋಂಸ್ಟೇಗಳು ಬೇಕಾದಷ್ಟಿವೆ. ಬೆಟ್ಟದ ಮೇಲಿಂದ ಆಕಾಶ ನೋಡೋದಕ್ಕಿಂತ ಚೆಂದ ಇನ್ನೇನಿದೆ?

ಬಯಲುಸೀಮೆ ಚುಕ್ಕಿ

ನಿಮ್ಮ ಊರಿನ ಮೇಲೆ ನನಗೆ ಪ್ರೀತಿ ಇದೆ. ಆದರೆ ಉಲ್ಕೆ ನೋಡಲು ಡಿಸೆಂಬರ್‌ನಲ್ಲಿ ಮಲೆನಾಡು ನನ್ನ ಮೊದಲ ಆಯ್ಕೆ ಅಲ್ಲ. ಮಧ್ಯರಾತ್ರಿ ಆದ ಮೇಲೆ ಕಣಿವೆಯಿಂದ ಮಂಜು ಏಳುತ್ತದೆ. ನಾವು ಕಾಯುವ ಹೊತ್ತೂ ಅದೇ. ಮರಗಳು ಅರ್ಧ ಆಕಾಶ ಮುಚ್ಚುತ್ತವೆ. ಮುಳ್ಳಯ್ಯನಗಿರಿಗೆ ಕತ್ತಲಾದ ಮೇಲೆ ಬಿಡುವುದಿಲ್ಲ. ನಂದಿಬೆಟ್ಟದಲ್ಲೂ ಹಾಗೆಯೇ. ಅಲ್ಲಿ ರೂಮು ಸಿಕ್ಕವರಿಗೂ ಬೆಂಗಳೂರಿನ ಬೆಳಕು, ವಿಮಾನ ನಿಲ್ದಾಣದ ಬೆಳಕು ಎದುರಿಗೇ ಇರುತ್ತದೆ.

ಎತ್ತರಕ್ಕಿಂತ ಒಣಗಾಳಿ, ಅಗಲವಾದ ಬಯಲು ಮುಖ್ಯ. ಹಿರಿಯೂರು, ಚಳ್ಳಕೆರೆ, ಪಾವಗಡ ಕಡೆಯ ಹೊಲಗಳಲ್ಲಿ ನಾಲ್ಕೂ ದಿಕ್ಕಿನಲ್ಲಿ ಆಕಾಶ ನೆಲ ಮುಟ್ಟುತ್ತದೆ. ಚಿತ್ರದುರ್ಗ ಕಡೆ ಒಂದೇ ತೊಂದರೆ, ಗುಡ್ಡದ ಗಾಳಿಯಂತ್ರಗಳ ಕೆಂಪು ದೀಪಗಳು. ರಾತ್ರಿಯಿಡೀ ಮಿನುಗುತ್ತವೆ, ಫೋಟೋದ ಅಂಚಿನಲ್ಲಿ ಸಾಲಾಗಿ ಬರುತ್ತವೆ. ಅವುಗಳಿಗೆ ಬೆನ್ನು ಮಾಡಿ ಕ್ಯಾಮೆರಾ ಇಡಿ.

ಬಂಗಾಳ ಕೊಲ್ಲಿಯ ಮೇಲೂ ಒಂದು ಕಣ್ಣಿರಲಿ. ಡಿಸೆಂಬರ್ ಚಂಡಮಾರುತದ ತಿಂಗಳು. 2016ರಲ್ಲಿ ವಾರ್ದಾ ಚೆನ್ನೈಗೆ ಬಡಿದದ್ದು ಡಿಸೆಂಬರ್ 12ಕ್ಕೆ. ಅದರ ಮೋಡ ನಮ್ಮ ಮೇಲೆಯೇ ಹಾದು ಅರಬ್ಬಿ ಸಮುದ್ರದ ಕಡೆ ಹೋಯಿತು. ಹಾಗೇನಾದರೂ ಆದರೆ ಕೋಲಾರ, ತುಮಕೂರು ಮೊದಲು ಮುಚ್ಚುತ್ತವೆ. ಉತ್ತರಕ್ಕೆ ಹೋದಷ್ಟೂ ತೆರವು ಸಿಗುವ ಅವಕಾಶ ಜಾಸ್ತಿ.

ಕಾಫಿತೋಟ

ಮಂಜಿನ ಮಾತು ಒಪ್ಪಿದೆ. ಇನ್ನೊಂದು ವಿಷಯ ನಾನೇ ಸೇರಿಸುತ್ತೇನೆ. ಈಗ ನಮ್ಮಲ್ಲಿ ಕೊಯ್ಲು. ಕಣದಲ್ಲಿ ಕಾಫಿ ಒಣಗಲು ಹರಡಿರುತ್ತದೆ. ಕಾವಲಿಗೆ ರಾತ್ರಿಯೆಲ್ಲ ಫ್ಲಡ್ ಲೈಟ್ ಉರಿಯುತ್ತಿರುತ್ತದೆ. ಕಣದ ಪಕ್ಕದ ಹೋಂಸ್ಟೇಗೆ ಬಂದವರಿಗೆ ಅದರಿಂದ ತೊಂದರೆ ಆಗುತ್ತದೆ. ಬರುವವರು ಬುಕ್ ಮಾಡುವಾಗಲೇ ಮಾಲೀಕರ ಹತ್ತಿರ ಮಾತಾಡಿಕೊಳ್ಳಿ. ಕಡೂರು, ಬೀರೂರು ಕಡೆ ಇಳಿದರೆ ಬಯಲು ಸಿಗುತ್ತದೆ.

ಕುಕ್ಕೆ ಕಡೆ ಹೋಗುವವರಿಗೂ ಒಂದು ಮಾತು. ಆ ವಾರವೇ ಸುಬ್ರಹ್ಮಣ್ಯ ಷಷ್ಠಿ. ಜಾತ್ರೆ ಜನ ಸೇರಿರುತ್ತಾರೆ, ರೂಮು ಸಿಗುವುದು ಕಷ್ಟ.

ಜೋಳದ ಹೊಲ (ವಿಜಯಪುರ)

ನಮಗೆ ಇದು ಹೊಸದಲ್ಲ ರೀ. ತ್ರೀ ಫೇಸ್ ಕರೆಂಟ್ ರಾತ್ರಿ ಕೊಟ್ಟರೆ ಹೊಲಕ್ಕೆ ನೀರು ಹಾಯಿಸಲು ರಾತ್ರಿಯೇ ಹೋಗಬೇಕು. ಚಳಿಗಾಲದಲ್ಲಿ ಮಡಿಗೆ ನೀರು ತಿರುಗಿಸಿ, ಬದುವಿನ ಮೇಲೆ ಕಂಬಳಿ ಹೊದ್ದು ಕೂತರೆ ಚುಕ್ಕಿ ಬೀಳುವುದು ಸಾಲುಸಾಲಾಗಿ ಕಾಣುತ್ತದೆ. ಅದಕ್ಕೆ ಹೆಸರಿದೆ, ತಾರೀಖಿದೆ ಅಂತ ಗೊತ್ತಾಗಿದ್ದು ಮಗ ಕಾಲೇಜಿಗೆ ಹೋದ ಮೇಲೆ. ಈಗ ಪ್ರತಿ ವರ್ಷ ತಾರೀಖು ನೋಡಿಯೇ ಕೂರುತ್ತೇವೆ.

ನಮ್ಮ ಕಡೆ ಆಕಾಶ ಒಣ, ಮೋಡ ಕಡಿಮೆ. ಆದರೆ ಈಗ ಕಬ್ಬಿನ ಹಂಗಾಮು. ಕಾರ್ಖಾನೆ ದಾರಿಯಲ್ಲಿ ಟ್ರ್ಯಾಕ್ಟರ್‌ಗಳು ರಾತ್ರಿಯೆಲ್ಲ ಓಡುತ್ತವೆ. ರವದಿಗೆ, ಅಂದರೆ ಕಬ್ಬಿನ ಒಣ ಎಲೆಗೆ, ಬೆಂಕಿ ಹಚ್ಚಿದರೆ ಹೊಗೆ ಕೆಳಗೇ ನಿಲ್ಲುತ್ತದೆ. ಕಬ್ಬಿನ ಸೀಮೆ ಬಿಟ್ಟು ಜೋಳ, ಕಡಲೆ ಬೆಳೆಯುವ ಕಡೆ ಬನ್ನಿ. ನಮ್ಮ ಹೊಲದಲ್ಲಿ ಜಾಗ ಇದೆ.

ಹೊಸಬಳು ಮೈಸೂರು

ನನ್ನ ಹತ್ತಿರ ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ, ಅದರ ಜೊತೆ ಬಂದ 18-55 ಲೆನ್ಸ್, 50 ಎಂಎಂ ಎಫ್ 1.8 ಲೆನ್ಸ್ ಇವೆ. ಟ್ರೈಪಾಡ್ ಇದೆ. ಇಷ್ಟರಲ್ಲಿ ಉಲ್ಕೆ ಸಿಗುತ್ತದಾ? ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಉಲ್ಕೆ ಹೆಚ್ಚು ಬೆಳಗಿ ಬರುತ್ತದಾ? ಯಾರಾದರೂ ಬಿಡಿಸಿ ಹೇಳಿ. ಮೊಬೈಲ್ ಮಾತ್ರ ಇರುವ ತಂಗಿಗೂ ಏನಾದರೂ ದಾರಿ ಇದ್ದರೆ ತಿಳಿಸಿ.

ಲೆನ್ಸ್ ಕಟ್ಟೆ

ಮೇಡಂ, ಧಾರಾಳವಾಗಿ ಸಿಗುತ್ತದೆ. ನಿಮ್ಮ ಎರಡನೇ ಪ್ರಶ್ನೆ ಬಹಳ ಒಳ್ಳೆಯದು, ಅದರಿಂದಲೇ ಶುರು ಮಾಡುತ್ತೇನೆ.

ಶಟರ್ ಎಷ್ಟು ಹೊತ್ತು ತೆರೆದಿಟ್ಟರೂ ಉಲ್ಕೆ ಹೆಚ್ಚು ಬೆಳಗುವುದಿಲ್ಲ. ನಕ್ಷತ್ರ ಒಂದೇ ಜಾಗದಲ್ಲಿ ನಿಂತು ಬೆಳಕು ಸುರಿಯುತ್ತದೆ. ಉಲ್ಕೆ ಓಡುತ್ತದೆ. ಒಂದು ಸೆಕೆಂಡಿಗೆ 20 ಡಿಗ್ರಿ ದಾಟುವ ಉಲ್ಕೆ ಅಂದುಕೊಳ್ಳಿ. ಅಗಲ ಲೆನ್ಸಿನಲ್ಲಿ ಅದು ಸೆಕೆಂಡಿಗೆ ಹೆಚ್ಚು ಕಡಿಮೆ ಸಾವಿರ ಪಿಕ್ಸೆಲ್ ದಾಟುತ್ತದೆ. ಅಂದರೆ ಒಂದು ಪಿಕ್ಸೆಲ್ ಮೇಲೆ ಅದು ಇರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು. ಆ ಅಷ್ಟರಲ್ಲಿ ಎಷ್ಟು ಬೆಳಕು ಒಳಗೆ ಬಂತೋ ಅಷ್ಟೇ. ಆಮೇಲೆ ಶಟರ್ 30 ಸೆಕೆಂಡ್ ತೆರೆದಿದ್ದರೆ ಬರುವುದು ಆಕಾಶದ ಹಿನ್ನೆಲೆ ಬೆಳಕು ಮಾತ್ರ. ಅದು ಉಲ್ಕೆಯನ್ನು ಮಂಕು ಮಾಡುತ್ತದೆ. ಉಲ್ಕೆಗೆ ಬೇಕಾಗಿರುವುದು ದೊಡ್ಡ ಅಪರ್ಚರ್ (ಲೆನ್ಸಿನ ಕಿಂಡಿ) ಮತ್ತು ಹೆಚ್ಚಿನ ಐಎಸ್ಒ, ಅಂದರೆ ಬಂದ ಬೆಳಕನ್ನು ಹಿಗ್ಗಿಸಿ ತೋರಿಸುವ ಸೆಟ್ಟಿಂಗ್.

ಅಪರ್ಚರ್ ಅಂದಾಗ ಎಫ್ ಸಂಖ್ಯೆ ಮಾತ್ರ ನೋಡಬೇಡಿ, ಬೆಳಕು ನುಗ್ಗುವ ಬಾಗಿಲಿನ ಅಗಲ ನೋಡಿ. ಲೆನ್ಸಿನ ಎಂಎಂ ಅನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಅದು ಸಿಗುತ್ತದೆ. 18 ಎಂಎಂನಲ್ಲಿ ಎಫ್ 3.5 ಅಂದರೆ ಬಾಗಿಲು 5 ಎಂಎಂ. 50 ಎಂಎಂ ಎಫ್ 2ರಲ್ಲಿ 25 ಎಂಎಂ. ಹಾಗಾಗಿ 50ರಲ್ಲಿ ಮಸುಕು ಉಲ್ಕೆಗಳೂ ಬೀಳುತ್ತವೆ. ಆದರೆ ಅದು ನೋಡುವ ಆಕಾಶ ತೀರಾ ಕಿರಿದು. ನಿಮ್ಮ ಹತ್ತಿರ ಇರುವುದು ಒಂದೇ ಕ್ಯಾಮೆರಾ, ಅದಕ್ಕೆ 18ರಲ್ಲೇ ಇಡಿ ಅನ್ನುತ್ತೇನೆ. ಜೆಮಿನಿಡ್ಸ್‌ನಲ್ಲಿ ಹೊಳಪಿನ ಉಲ್ಕೆಗಳಿಗೆ ಕೊರತೆ ಇಲ್ಲ.

ಸೆಟ್ಟಿಂಗ್: ಮ್ಯಾನುಯಲ್ ಮೋಡ್, 18 ಎಂಎಂ, ಎಫ್ 3.5, ಐಎಸ್ಒ 3200, 15 ಸೆಕೆಂಡ್. ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್). ಹಳ್ಳಿ ದೀಪ ಹತ್ತಿರ ಇದ್ದರೆ ಐಎಸ್ಒ 1600ಕ್ಕೆ ಇಳಿಸಿ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಕಡ್ಡಾಯವಾಗಿ ಆಫ್ ಮಾಡಿ. ಇಲ್ಲದಿದ್ದರೆ ಪ್ರತಿ ಫೋಟೋ ಆದ ಮೇಲೆ ಕ್ಯಾಮೆರಾ ಅಷ್ಟೇ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತದೆ. ಅರ್ಧ ರಾತ್ರಿ ಹೋಯಿತು ಅಂತಲೇ ಲೆಕ್ಕ.

ಫೋಕಸ್ ವಿಷಯದಲ್ಲಿ ಅವಸರ ಬೇಡ. ಲೆನ್ಸಿನ ಸ್ವಿಚ್ ಎಂಎಫ್‌ಗೆ (ಮ್ಯಾನುಯಲ್ ಫೋಕಸ್) ಹಾಕಿ. ಲೈವ್ ವ್ಯೂ ತೆರೆದು ಲುಬ್ಧಕ (ಸಿರಿಯಸ್) ನಕ್ಷತ್ರಕ್ಕೆ ಹಿಡಿಯಿರಿ. ಪರದೆಯಲ್ಲಿ ಹತ್ತು ಪಟ್ಟು ಹಿಗ್ಗಿಸಿ. ರಿಂಗನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ ಹೋದರೆ ಚುಕ್ಕಿ ಉಬ್ಬಿ, ಕುಗ್ಗಿ, ಮತ್ತೆ ಉಬ್ಬುತ್ತದೆ. ಅತಿ ಚಿಕ್ಕದಾದ ಜಾಗದಲ್ಲಿ ನಿಲ್ಲಿಸಿ, ರಿಂಗಿನ ಮೇಲೆ ಟೇಪ್ ಹಚ್ಚಿಬಿಡಿ. ಝೂಮ್ ರಿಂಗಿಗೂ ಹಚ್ಚಿ. ಚಳಿ ಏರಿದಂತೆ ಫೋಕಸ್ ಸ್ವಲ್ಪ ಜಾರಬಹುದು, ಗಂಟೆಗೊಮ್ಮೆ ಒಂದು ಫೋಟೋ ಹಿಗ್ಗಿಸಿ ನೋಡಿ.

ಇಂಟರ್‌ವಲ್ ಟೈಮರ್ ಇದ್ದರೆ ಎರಡು ಫೋಟೋ ನಡುವೆ ಒಂದು ಸೆಕೆಂಡ್ ಬಿಡುವು ಕೊಡಿ. ಇಲ್ಲದಿದ್ದರೆ ಕೇಬಲ್ ರಿಲೀಸ್ ತಂದು, ಕಂಟಿನ್ಯೂಯಸ್ ಮೋಡಿಗೆ ಹಾಕಿ, ಗುಂಡಿ ಒತ್ತಿ ಲಾಕ್ ಮಾಡಿ. ಗಂಟೆಗೆ 240ರ ಹತ್ತಿರ ಫೋಟೋ ಬರುತ್ತವೆ. ಒಂದಕ್ಕೆ 25 ಎಂಬಿ ಅಂದರೂ ಬೆಳಗಿನವರೆಗೆ 40 ಜಿಬಿ. 64 ಜಿಬಿ ಕಾರ್ಡ್ ಖಾಲಿ ಮಾಡಿ ಇಟ್ಟುಕೊಳ್ಳಿ. ಬ್ಯಾಟರಿ ಎರಡಾದರೂ ಬೇಕು, ಒಂದು ಜೇಬಿನಲ್ಲಿ ಬೆಚ್ಚಗಿರಲಿ.

ಕ್ಯಾಮೆರಾವನ್ನು ನೇರ ಆ ಬಿಂದುವಿಗೇ ತಿರುಗಿಸಬೇಡಿ. ಅಲ್ಲಿ ಬರುವ ಉಲ್ಕೆಗಳು ನಮ್ಮ ಕಡೆಗೇ ಬರುತ್ತಿರುತ್ತವೆ, ಗೆರೆ ಗಿಡ್ಡ. 40-50 ಡಿಗ್ರಿ ಪಕ್ಕಕ್ಕೆ ಇಟ್ಟರೆ ಗೆರೆ ಉದ್ದ.

ತಂಗಿಗೆ ಹೇಳಿ: ಮೊಬೈಲ್‌ನ ಪ್ರೋ ಮೋಡ್, ಐಎಸ್ಒ 1600 ಇಲ್ಲವೇ 3200, 15ರಿಂದ 30 ಸೆಕೆಂಡ್, ಫೋಕಸ್ ಇನ್ಫಿನಿಟಿ, ಮೂರು ಸೆಕೆಂಡ್ ಟೈಮರ್. ಅಗಲ ಅಂತ ಅಲ್ಟ್ರಾ ವೈಡ್ ಬಳಸಬೇಡಿ, ಮುಖ್ಯ ಕ್ಯಾಮೆರಾಗೇ ಬೆಳಕು ಜಾಸ್ತಿ ಸಿಗುತ್ತದೆ. ದೊಡ್ಡ ಉಲ್ಕೆ ಹಾದರೆ ಖಂಡಿತ ಬರುತ್ತದೆ.

ಕಡಲತಡಿ (ಉಡುಪಿ)

ಇಬ್ಬನಿ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕರಾವಳಿಯಲ್ಲಿ ಅದೇ ದೊಡ್ಡ ಕಾಟ. ಮೊದಲು ನಕ್ಷತ್ರದ ಸುತ್ತ ತೆಳುವಾದ ಪ್ರಭೆ ಬರುತ್ತದೆ, ಆಮೇಲೆ ಮಸುಕು ನಕ್ಷತ್ರಗಳು ಮಾಯ, ಆಮೇಲೆ ಬರೀ ಬೂದು. ಪರದೆಯಲ್ಲಿ ಸಣ್ಣದಾಗಿ ನೋಡಿದರೆ ಗೊತ್ತೇ ಆಗುವುದಿಲ್ಲ. ಲೆನ್ಸಿನ ಮೂತಿಗೆ ಸುತ್ತುವ ಹೀಟರ್ ಪಟ್ಟಿ ಸಿಗುತ್ತದೆ, ಪವರ್ ಬ್ಯಾಂಕಿನಿಂದ ನಡೆಯುತ್ತದೆ. ಇಬ್ಬನಿ ಕೂತ ಮೇಲೆ ಒರೆಸುವುದಕ್ಕಿಂತ ಕೂರುವ ಮೊದಲೇ ಬೆಚ್ಚಗೆ ಇಡುವುದು ಸರಿ. ಹತ್ತು ಗಂಟೆಗೇ ಆನ್ ಮಾಡಿ. ಒಣಸೀಮೆಗೆ ಹೋಗುವವರೂ ತನ್ನಿ, ಬೆಳಗಿನ ಜಾವ ಅಲ್ಲೂ ಬೀಳುತ್ತದೆ.

ಇಬ್ಬರು ಮಕ್ಕಳ ಅಪ್ಪ

ಮಕ್ಕಳಿಗೆ ತೋರಿಸಬೇಕು. ಈ ಉಲ್ಕೆಗಳು ಹೊರಟಂತೆ ಕಾಣುವ ಮಿಥುನ ರಾಶಿ ಹುಡುಕುವುದು ಹೇಗೆ? ಇನ್ನೊಂದು ವಿಷಯ. ಚುಕ್ಕಿ ಬೀಳುವುದನ್ನು ನೋಡಬಾರದು, ಕೆಟ್ಟದು ಅಂತ ಮನೆಯಲ್ಲಿ ಅಮ್ಮ ಹೇಳುತ್ತಿದ್ದಾರೆ. ಅವರ ಮನಸ್ಸು ನೋಯಿಸದೆ ಹೇಗೆ ಹೇಳಲಿ?

ಭೌತಶಾಸ್ತ್ರ ಮೇಷ್ಟ್ರು

ಮಿಥುನ ಹುಡುಕುವುದು ಸುಲಭ. ರಾತ್ರಿ ಒಂಬತ್ತಕ್ಕೆ ಪೂರ್ವಕ್ಕೆ ಮುಖ ಮಾಡಿ. ಒಂದೇ ಸಾಲಿನಲ್ಲಿ ಮೂರು ಚುಕ್ಕಿ ಕಾಣುತ್ತವೆ, ಅದು ಮಹಾವ್ಯಾಧನ (ಓರಿಯನ್ ನಕ್ಷತ್ರಪುಂಜದ) ನಡುಪಟ್ಟಿ. ಅದರ ಒಂದು ಬದಿಗೆ ನೀಲಿ ಬಿಳುಪಿನ ರೈಗಲ್, ಇನ್ನೊಂದು ಬದಿಗೆ ಕೆಂಪು ಛಾಯೆಯ ಆರ್ದ್ರಾ. ರೈಗಲ್‌ನಿಂದ ಆರ್ದ್ರಾಗೆ ಗೆರೆ ಎಳೆದು ಹಾಗೇ ಮುಂದುವರಿಸಿ. ಅಕ್ಕಪಕ್ಕ ಎರಡು ನಕ್ಷತ್ರ ಸಿಗುತ್ತವೆ. ಅವೇ ನಮ್ಮ ಪುನರ್ವಸು. ಅಮ್ಮನಿಗೆ ಪುನರ್ವಸು ಗೊತ್ತೇ ಇರುತ್ತದೆ, ಅಲ್ವಾ? ಅವರನ್ನೂ ಕರೆದು ಅಲ್ಲಿಂದಲೇ ಮಾತು ಶುರು ಮಾಡಿ. ಆ ಜೋಡಿಯಲ್ಲಿ ಉತ್ತರದ ಕ್ಯಾಸ್ಟರ್ ಪಕ್ಕದಲ್ಲೇ ಉಲ್ಕೆಗಳ ಬಿಂದು.

ಬೀಳುವುದು ನಕ್ಷತ್ರ ಅಲ್ಲ ಅಂತ ಅವರಿಗೆ ಹೇಳಿ. ಪುನರ್ವಸುವೂ ಅಲ್ಲೇ ಇರುತ್ತದೆ, ಕೃತ್ತಿಕೆಯೂ ಅಲ್ಲೇ ಇರುತ್ತದೆ. ಮಧ್ಯರಾತ್ರಿ ಮತ್ತೆ ತೋರಿಸಿ. ಉರಿಯುವುದು ಸಾಸಿವೆ ಕಾಳಿನಷ್ಟು ಸಣ್ಣ ಕಲ್ಲಿನ ಚೂರು. ಸೆಕೆಂಡಿಗೆ 35 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗಿ, ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಬೆಳಗುತ್ತದೆ. ಕಣ್ಣಿಗೆ ಯಾವ ಅಪಾಯವೂ ಇಲ್ಲ. ಮಕ್ಕಳು ಎಷ್ಟು ಹೊತ್ತಾದರೂ ನೋಡಲಿ.

ಈ ಚೂರುಗಳ ಮೂಲದ ಕಥೆಯೂ ಮಕ್ಕಳಿಗೆ ಇಷ್ಟ ಆಗುತ್ತದೆ. ಬೇರೆ ಉಲ್ಕಾಮಳೆಗಳು ಹೆಚ್ಚಾಗಿ ಧೂಮಕೇತು ಬಿಟ್ಟುಹೋದ ದೂಳಿನಿಂದ ಆಗುತ್ತವೆ. ಪರ್ಸೀಡ್ಸ್‌ನದು ಸ್ವಿಫ್ಟ್-ಟಟಲ್ ಧೂಮಕೇತು, ಲಿಯೊನಿಡ್ಸ್‌ನದು ಟೆಂಪಲ್-ಟಟಲ್. ಜೆಮಿನಿಡ್ಸ್ ಅನ್ನು 1862ರಲ್ಲೇ ಗುರುತಿಸಿದ್ದರು, ಆದರೆ ಅದರ ತಾಯಿ ಯಾರು ಅಂತ ನೂರು ವರ್ಷದ ಮೇಲೂ ಗೊತ್ತಿರಲಿಲ್ಲ. 1983ರಲ್ಲಿ ಐರಾಸ್ ಎಂಬ ಇನ್ಫ್ರಾರೆಡ್ ದೂರದರ್ಶಕ ಉಪಗ್ರಹದ ಚಿತ್ರಗಳಲ್ಲಿ ಒಂದು ಹೊಸ ಕ್ಷುದ್ರಗ್ರಹ ಸಿಕ್ಕಿತು. ಅದರ ದಾರಿ ಮತ್ತು ಜೆಮಿನಿಡ್ಸ್ ದಾರಿ ಒಂದೇ ಅಂತ ಖಗೋಳ ವಿಜ್ಞಾನಿ ಫ್ರೆಡ್ ವಿಪ್ಪಲ್ ತೋರಿಸಿದರು. ಅದೇ ಫೇಥಾನ್. ಐದಾರು ಕಿಲೋಮೀಟರ್ ಅಗಲದ ಕಲ್ಲು. ಒಂದು ವರ್ಷ ಐದು ತಿಂಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ, ಆಗ ಬುಧನಿಗಿಂತಲೂ ಎಷ್ಟೋ ಒಳಗೆ ಹೋಗುತ್ತದೆ. ಒಂದು ಕಲ್ಲು ಇಷ್ಟೊಂದು ಚೂರು ಹೇಗೆ ಉದುರಿಸಿತು ಅನ್ನುವುದು ಇನ್ನೂ ಪೂರ್ತಿ ಬಿಡಿಸದ ಪ್ರಶ್ನೆ. ಅದಕ್ಕೆ ಬಾಲ ಮೂಡುವುದು ಕಂಡಾಗ ದೂಳು ಅಂದುಕೊಂಡಿದ್ದರು. 2023ರಲ್ಲಿ ನೋಡಿದರೆ ಅದು ಸೋಡಿಯಂ ಅನಿಲ. ಹತ್ತಿರ ಹೋಗಿ ನೋಡಲು ಜಪಾನ್ ಡೆಸ್ಟಿನಿ ಪ್ಲಸ್ ಎಂಬ ನೌಕೆ ತಯಾರಿಸುತ್ತಿದೆ.

ಕಲ್ಲಿನ ಚೂರು ಗಟ್ಟಿ, ವೇಗವೂ ಮಧ್ಯಮ. ಆದ್ದರಿಂದಲೇ ಜೆಮಿನಿಡ್ಸ್ ನಿಧಾನವಾಗಿ, ದಪ್ಪಗೆ ಹಾದುಹೋಗುತ್ತವೆ. ಪಕ್ಕದವರಿಗೆ "ಅಗೋ" ಅಂದರೆ ಅವರು ತಿರುಗಿ ನೋಡುವಷ್ಟು ಸಮಯ ಕೆಲವೊಮ್ಮೆ ಸಿಗುತ್ತದೆ. ಲಿಯೊನಿಡ್ಸ್‌ನಲ್ಲಿ ಅದು ಆಗದು, ಅವುಗಳ ವೇಗ ಇದರ ಎರಡು ಪಟ್ಟು.

ಇರುಳ ಚಿತ್ರ

ಹೋದ ಸಲದ ನನ್ನ ಚಿತ್ರ ಹಾಕಿದ್ದೇನೆ, ನೋಡಿ. ಹಂಪಿಯ ಬಂಡೆಗಳ ಮೇಲೆ ಉಲ್ಕೆಗಳು ಹೂವಿನ ಎಸಳಿನ ಹಾಗೆ ಹರಡಿವೆ. ಎಲ್ಲವೂ ಅದೇ ರಾತ್ರಿಯವು.

ಹೊಸಬಳು ಮೈಸೂರು

ಅಬ್ಬಾ! ಒಂದೇ ಫೋಟೋದಲ್ಲಿ ಇಷ್ಟೊಂದು ಬರುತ್ತವಾ?

ಲೆನ್ಸ್ ಕಟ್ಟೆ

ಚಿತ್ರ ಬಹಳ ಚೆನ್ನಾಗಿದೆ, ಶ್ರಮ ಕಾಣುತ್ತದೆ. ಆದರೆ ಅಣ್ಣ, ಹೊಸಬರ ಪ್ರಶ್ನೆ ನೋಡಿದಿರಲ್ಲ. ಇದು ಹಲವು ಗಂಟೆಗಳ ಫೋಟೋಗಳಿಂದ ಉಲ್ಕೆ ಇರುವುದನ್ನು ಆರಿಸಿ, ಬಿಂದುವಿಗೆ ಹೊಂದುವಂತೆ ತಿರುಗಿಸಿ ಕೂಡಿಸಿದ ಚಿತ್ರ ಅಂತ ಕೆಳಗೆ ಬರೆಯಿರಿ. ಎಷ್ಟು ಗಂಟೆ, ಎಷ್ಟು ಫ್ರೇಮ್, ಬಂಡೆಯ ಫೋಟೋ ಯಾವಾಗ ತೆಗೆದದ್ದು, ಎಲ್ಲ ಇರಲಿ. ಅದು ಇಲ್ಲದೆ ಹರಿದಾಡಿದರೆ ಜನ ಪಟಾಕಿ ಹಾಗೆ ಉದುರುತ್ತವೆ ಅಂದುಕೊಂಡು ಬರುತ್ತಾರೆ. ಹತ್ತು ನಿಮಿಷ ಕಾದು, "ಏನೂ ಇಲ್ಲ" ಅಂತ ಮಕ್ಕಳನ್ನು ಕರೆದುಕೊಂಡು ವಾಪಸ್ ಹೋಗುತ್ತಾರೆ. ಒಂದು ಅಗಲ ಲೆನ್ಸಿಗೆ ಗಂಟೆಗೆ ಏಳೆಂಟು ಸಿಕ್ಕರೆ ಒಳ್ಳೆಯ ರಾತ್ರಿ.

ಇರುಳ ಚಿತ್ರ

ಕೂಡಿಸುವುದು ಮೋಸ ಅಲ್ಲ. ಇಡೀ ರಾತ್ರಿ ಕಂಡದ್ದನ್ನು ಒಂದೇ ಕಡೆ ತೋರಿಸುವ ಬಗೆ ಅದು. ಎಲ್ಲ ಗೆರೆಗಳೂ ಒಂದೇ ಬಿಂದುವಿನಿಂದ ಹೊರಟಿವೆ ಅನ್ನುವುದು ಬಿಡಿ ಫೋಟೋದಲ್ಲಿ ಗೊತ್ತಾಗುವುದೇ ಇಲ್ಲ. ಆದರೆ ವಿವರ ಬರೆಯಬೇಕು ಅನ್ನುವುದು ನ್ಯಾಯ. ಈಗಲೇ ಸೇರಿಸಿದೆ.

ಲೆನ್ಸ್ ಕಟ್ಟೆ

ಸಂತೋಷ. ಆರಿಸುವಾಗ ಇನ್ನೊಂದು ಎಚ್ಚರ. ಗೆರೆ ಕಂಡದ್ದೆಲ್ಲ ಉಲ್ಕೆ ಅಲ್ಲ. ಉಲ್ಕೆ ಬಹುಪಾಲು ಒಂದೇ ಫ್ರೇಮ್‌ನಲ್ಲಿ ಇರುತ್ತದೆ. ಎರಡು ತುದಿ ಚೂಪು, ನಡುವೆ ದಪ್ಪ, ಎಷ್ಟೋ ಸಲ ಹಸಿರು ಛಾಯೆ. ಹಿಂದಿನ, ಮುಂದಿನ ಫ್ರೇಮ್‌ಗಳಲ್ಲೂ ಅದೇ ಗೆರೆ ಮುಂದುವರಿದರೆ ಅದು ಉಪಗ್ರಹ. ಗೆರೆಯ ಮೇಲೆ ಚುಕ್ಕಿ ಚುಕ್ಕಿ ಇದ್ದರೆ ವಿಮಾನ. ಉಲ್ಕೆಯಾಗಿದ್ದರೂ ಗೆರೆಯನ್ನು ಹಿಂದಕ್ಕೆ ಎಳೆದರೆ ಕ್ಯಾಸ್ಟರ್ ಹತ್ತಿರ ಸೇರದಿದ್ದರೆ ಅದು ಜೆಮಿನಿಡ್ ಅಲ್ಲ, ಬೇರೆ. ಅದನ್ನು ತಿರುಗಿಸಿ ಬಲವಂತಕ್ಕೆ ಹೊಂದಿಸಬೇಡಿ.

ಮರಳುಗಾಡ ಕನ್ನಡಿಗ (ದುಬೈ)

ಇಲ್ಲಿನ ಕನ್ನಡದವರು ಅಲ್ ಕುದ್ರಾ ಕಡೆಯ ಮರಳುಗಾಡಿಗೆ ಹೋಗುತ್ತೇವೆ. ಇಲ್ಲಿ ಬಿಂದು ನೆತ್ತಿಗೆ ಇನ್ನೂ ಹತ್ತಿರ, 80 ಡಿಗ್ರಿ ದಾಟುತ್ತದೆ. ದೂಳಿನ ಗಾಳಿ ಎದ್ದರೆ ಕಷ್ಟ. ಸೋಮವಾರ ರಾತ್ರಿ ನಮ್ಮ ಎಣಿಕೆಯನ್ನೂ ಇಲ್ಲಿ ಹಾಕುತ್ತೇವೆ, ನಿಮ್ಮದರ ಜೊತೆ ಹೋಲಿಸೋಣ.

ಭೌತಶಾಸ್ತ್ರ ಮೇಷ್ಟ್ರು

ಎಣಿಕೆ ಮಾತು ಬಂದದ್ದು ಒಳ್ಳೆಯದಾಯಿತು. ಪೇಪರ್‌ನಲ್ಲಿ "ಗಂಟೆಗೆ 150 ಉಲ್ಕೆ" ಅಂತ ಬರುತ್ತದೆ. ಅದು ಬಿಂದು ಸರಿಯಾಗಿ ನೆತ್ತಿಯ ಮೇಲಿದ್ದು, ಅತಿ ಮಸುಕು ನಕ್ಷತ್ರವೂ ಬರಿಗಣ್ಣಿಗೆ ಕಾಣುವಷ್ಟು ಕತ್ತಲಿದ್ದರೆ ಅನ್ನುವ ಲೆಕ್ಕ. ಒಳ್ಳೆಯ ಬಯಲಿನಲ್ಲಿ ಒಬ್ಬರಿಗೆ ಗಂಟೆಗೆ 60-70 ಕಂಡರೆ ಅದು ಸೊಗಸಾದ ರಾತ್ರಿ. ಬೆಂಗಳೂರಿನ ತಾರಸಿಯಿಂದ ಬೆರಳೆಣಿಕೆ.

ಎಣಿಸುವವರು ಒಬ್ಬೊಬ್ಬರೇ ಎಣಿಸಿ, ಗುಂಪಿನದು ಕೂಡಿಸಬೇಡಿ. ಹದಿನೈದು ನಿಮಿಷಕ್ಕೊಮ್ಮೆ ಸಮಯ ಬರೆದುಕೊಳ್ಳಿ. ಜೆಮಿನಿಡ್ ಎಷ್ಟು, ಬೇರೆ ಎಷ್ಟು, ಆಗ ಕಾಣುತ್ತಿದ್ದ ಅತಿ ಮಸುಕು ನಕ್ಷತ್ರ ಯಾವುದು, ಮೋಡ ಎಷ್ಟು. ತಲೆ ಎತ್ತಿ ಬರೆಯುವುದು ಬೇಡ ಅನ್ನುವವರು ಮೊಬೈಲ್‌ನಲ್ಲಿ ಧ್ವನಿ ರೆಕಾರ್ಡ್ ಮಾಡಿ. ಇಂಟರ್‌ನ್ಯಾಷನಲ್ ಮೀಟಿಯರ್ ಆರ್ಗನೈಸೇಶನ್ ಇಂಥ ಎಣಿಕೆಗಳನ್ನು ಜಗತ್ತಿನ ಎಲ್ಲ ಕಡೆಯಿಂದ ಪಡೆಯುತ್ತದೆ. ದೂರದರ್ಶಕ ಇಲ್ಲದವರೂ ಖಗೋಳ ವಿಜ್ಞಾನಕ್ಕೆ ನಿಜವಾದ ಕೆಲಸ ಮಾಡಬಹುದಾದ ದಾರಿ ಇದು. ನನ್ನ ವಿದ್ಯಾರ್ಥಿಗಳಿಗೆ ಇದನ್ನೇ ಮಾಡಿಸುತ್ತೇನೆ.

ಮಸುಕು ಉಲ್ಕೆಗಳು ಮೊದಲು ಬರುತ್ತವೆ, ಹೊಳಪಿನವು ಭರಾಟೆಯ ಕೊನೆಯ ಹೊತ್ತಿಗೆ ಜಾಸ್ತಿ. ಈ ಸಲ ಸೋಮವಾರ ಮಧ್ಯರಾತ್ರಿ ನಮಗೆ ಆ ಕೊನೆಯ ಭಾಗವೇ ಸಿಗುತ್ತದೆ.

ಹೊಸಬಳು ಮೈಸೂರು

ಕ್ಯಾಮೆರಾ ನೋಡಿಕೊಳ್ಳುವುದಾ, ಆಕಾಶ ನೋಡುವುದಾ? ಎರಡೂ ಒಟ್ಟಿಗೆ ಆಗುತ್ತದಾ?

ಬಯಲುಸೀಮೆ ಚುಕ್ಕಿ

ಆಕಾಶ. ಇದರಲ್ಲಿ ನನಗೆ ಎರಡು ಮಾತಿಲ್ಲ. ಕ್ಯಾಮೆರಾವನ್ನು ಹತ್ತೂವರೆಗೆ ಹಚ್ಚಿ, ಹತ್ತು ಹೆಜ್ಜೆ ದೂರ ಚಾಪೆ ಹಾಸಿ ಮಲಗಿ. ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು. ಒಂದು ಸಲ ಮೊಬೈಲ್ ಪರದೆ ನೋಡಿದರೆ ಮತ್ತೆ ಮೊದಲಿನಿಂದ. ಪ್ರತಿ ಫೋಟೋ ತೆರೆದು ನೋಡುವವರು ಆಕಾಶವನ್ನೂ ಕಳೆದುಕೊಳ್ಳುತ್ತಾರೆ, ಪಕ್ಕದವರ ಕಣ್ಣನ್ನೂ ಹಾಳು ಮಾಡುತ್ತಾರೆ. ಟಾರ್ಚ್‌ಗೆ ಕೆಂಪು ಗಾಜುಕಾಗದ ಎರಡು ಪದರ ಸುತ್ತಿ ತನ್ನಿ.

ಮಲಗುವಾಗ ನೆಲದ ಚಳಿ ಬೆನ್ನಿಗೆ ಹತ್ತುತ್ತದೆ. ಮೇಲೆ ಹೊದೆಯುವುದಕ್ಕಿಂತ ಕೆಳಗೆ ಹಾಸುವುದು ದಪ್ಪ ಇರಲಿ. ಮಂಕಿ ಕ್ಯಾಪ್, ಸಾಕ್ಸ್, ಫ್ಲಾಸ್ಕ್‌ನಲ್ಲಿ ಕಾಫಿ. ಒಬ್ಬೊಬ್ಬರೇ ಹೋಗಬೇಡಿ. ಹೊಲದ ಮಾಲೀಕರ ಒಪ್ಪಿಗೆ ಕೇಳಿ, ಹತ್ತಿರದ ಪೊಲೀಸ್ ಠಾಣೆಗೂ ಒಂದು ಮಾತು ತಿಳಿಸಿ. ನಡುರಾತ್ರಿ ಕಾರು ನಿಂತಿದ್ದರೆ ಊರಿನವರು ಗಾಬರಿ ಆಗುವುದು ಸಹಜ. ಕುರುಚಲು ಗುಡ್ಡದ ಬುಡ ಬೇಡ, ನಮ್ಮ ಕಡೆ ಕರಡಿ, ಚಿರತೆ ಓಡಾಟ ಇದೆ.

12ರ ಸಂಜೆಯಿಂದ ಹವಾಮಾನ ಇಲಾಖೆಯ ಇನ್ಸಾಟ್ ಉಪಗ್ರಹ ಚಿತ್ರ ನೋಡುತ್ತಾ ಇರುತ್ತೇನೆ. ರಾತ್ರಿ ಮೋಡ ನೋಡಲು ಇನ್ಫ್ರಾರೆಡ್ ಚಿತ್ರ ತೆರೆಯಿರಿ. ಕೆಳಮಟ್ಟದ ಮಂಜು ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಆ ಊರಿನವರನ್ನೇ ಫೋನ್ ಮಾಡಿ ಕೇಳಬೇಕು. 13ರ ಮಧ್ಯಾಹ್ನ ಇಲ್ಲಿ ಬರೆಯುತ್ತೇನೆ. ದಕ್ಷಿಣ ತೆರವಿದ್ದರೆ ಹಿರಿಯೂರು, ಇಲ್ಲದಿದ್ದರೆ ವಿಜಯಪುರ.

ಜೋಳದ ಹೊಲ

ಬರುವುದಾದರೆ ಬೆಳಕಿರುವಾಗಲೇ ಬಂದುಬಿಡಿ, ಕತ್ತಲೆಯಲ್ಲಿ ಹೊಲದ ದಾರಿ ಗೊತ್ತಾಗುವುದಿಲ್ಲ. ಕಾರು ಎರಡು ನಿಲ್ಲಿಸಲು ಜಾಗ ಇದೆ. ಬಾಗಿಲು ತೆರೆದಾಗ ಹತ್ತುವ ಒಳದೀಪ ಮೊದಲೇ ಆಫ್ ಮಾಡಿಕೊಳ್ಳಿ. ರೊಟ್ಟಿ, ಝುಣಕ ನಮ್ಮ ಮನೆಯಿಂದ ಬರುತ್ತದೆ. ಎಷ್ಟು ಜನ ಅಂತ 13ಕ್ಕೇ ಹೇಳಿ.

ಹೊಸಬಳು ಮೈಸೂರು

ನಾನು, ತಂಗಿ, ಅಪ್ಪ. ಮೂರು ಜನ ಬರೆದುಕೊಳ್ಳಿ ಅಣ್ಣಾ.